ಉಪ್ಪಿಲ್ಲದ ಸಮುದ್ರ

ನಮ್ಮ ಭಾವ ಕುಮಟಾದವರು. ಕಡಲು ತಮ್ಮ ಹಿತ್ತಲಲ್ಲೇ ಹುಟ್ಟಿತೇನೋ ಎನ್ನುವ ಗತ್ತು. ಕೊಟ್ಟೂರಿಗೆ ಬಂದಾಗಲೆಲ್ಲ ಒಂದೇ ವರಾತ: "ನಿಮ್ಮಲ್ಲಿ ಬಿಸಿಲು ಬಿಟ್ರೆ ಮತ್ತೆಂತ ಇದೆ ಮಾರಾಯ?"

ಹೋದ ಚಳಿಗಾಲ ರೇಗಿತು. "ಬರ್ರಿ ಭಾವ, ನಮ್ಮ ಸಮುದ್ರ ತೋರಿಸ್ತೀನಿ" ಅಂದೆ. ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ನಸುಕಿಗೇ ಹಗರಿಬೊಮ್ಮನಹಳ್ಳಿ ದಾರಿ ಹಿಡಿದೆವು. ಏರಿ ಹತ್ತಿದ್ದೇ ಭಾವ ನಕ್ಕುಬಿಟ್ಟರು. "ಎಂತ ಮಾರಾಯ, ಇದು ಕೆರೆ!"

ಹೌದು, ಅಂಕಸಮುದ್ರ ಕೆರೆಯೇ. 500 ವರ್ಷಕ್ಕೂ ಹಳೆಯದು ಎನ್ನುತ್ತಾರೆ. ಕೆರೆ ಕಟ್ಟಿ ಸಮುದ್ರ ಎಂದು ಕರೆಯುವ ಧೈರ್ಯ ಬಯಲುಸೀಮೆಯವರಿಗೆ ಮಾತ್ರ ಇರುತ್ತದೆ. ಕಡಲು ಕಂಡವರು ಹೆದರಿಯಾರು.

ನೀರೊಳಗೆ ನಿಂತ ಕರಿಜಾಲಿ ಗಿಡಗಳಿಗೆ ಹಿಕ್ಕೆಯ ಸುಣ್ಣ ಬಳಿದಿತ್ತು. ವಾಸನೆಗೆ ಭಾವ ಮೂಗು ಮುಚ್ಚಿದರು. ಒಣಮೀನಿನ ಸಂತೆಯಲ್ಲಿ ಬೆಳೆದ ಮೂಗು! ಗೂಡಿನ ಮೇಲೆ ಬಣ್ಣದ ಕೊಕ್ಕರೆ ಹಿರಿಯರಂತೆ ಮೌನ; ಕೂಗೆಲ್ಲ ಮರಿಗಳದು. ಕೆಳಗೆ ಇನ್ನೊಂದು, ಕೊಕ್ಕು ಅರ್ಧ ತೆರೆದು ನೀರಲ್ಲಿ ಅದ್ದಿ, ಕಾಲಿಂದ ಕೆಸರು ಕಲಕುತ್ತಿತ್ತು. ಮೀನು ಕಣ್ಣಿಗೆ ಕಾಣಬೇಕಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಚಕ್ಕನೆ ಮುಚ್ಚುತ್ತದೆ. ಭಾವನ ನಗೆ ಅಲ್ಲಿಗೆ ನಿಂತಿತು, ದುರ್ಬೀನು ಕೈಬಿಡಲಿಲ್ಲ.

ಆಗ ಬಾಣ ಬಿಟ್ಟೆ. "ನಿಮ್ಮ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ತಲ್ರಿ, 2024ರ ಜನವರಿ ಕೊನೆಗೆ ಸುದ್ದಿ ಬಂತಲ್ಲ? ಅದೇ ಪಟ್ಟಿಯೊಳಗೆ ನಮ್ಮ ಅಂಕಸಮುದ್ರಾನೂ ಐತಿ, ಗದಗದ ಮಾಗಡಿ ಕೆರೆನೂ ಐತಿ." 1971ರಲ್ಲಿ ಜೌಗು ನೆಲಗಳ ಒಪ್ಪಂದಕ್ಕೆ ಸಹಿ ಬಿದ್ದ ರಾಮ್ಸಾರ್ ಇರಾನಿನ ಕ್ಯಾಸ್ಪಿಯನ್ ದಡದ ಊರು. ಆ ಕ್ಯಾಸ್ಪಿಯನ್ನೂ ಹೆಸರಿಗೆ ಸಮುದ್ರ, ನಾಲ್ಕೂ ಕಡೆ ನೆಲ. ನಮ್ಮದೇ ಜಾತಿ!

"98 ಹೆಕ್ಟೇರು ಚಿಲ್ಲರೆ ಜಾಗ, 30,000ಕ್ಕೂ ಮೇಲೆ ನೀರುಹಕ್ಕಿ" ಅಂದೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಈ ಸೀಮೆಗೆ ಬರುತ್ತದೆ. ಭಾವನಿಗೆ ಮಾತ್ರ ಘಟ್ಟ ಹತ್ತಿದರೆ ಸೊಂಟನೋವು.

ಬಿಸಿಲೇರಿತು. ಏರಿ ಮೇಲೆ ಪೊಟ್ಟಣ ಬಿಚ್ಚಿದೆವು. ಭಾವ ಒಂದು ಹಿಡಿ ಬಾಯಿಗೆ ಹಾಕಿ, ಕೊನೆಗೂ ಗೆಲ್ಲುವ ದಾರಿ ಸಿಕ್ಕಿದವರಂತೆ ಅಂದರು: "ನಿನ್ನ ಸಮುದ್ರದ ಹಾಗೇ ಉಂಟು. ಉಪ್ಪೇ ಇಲ್ಲ!"

ತಿಂದು ನೋಡಿದೆ. ನಿಜ, ಇರಲಿಲ್ಲ. ಭಾವನಿಗೆ ಅವರ ಸೀಮೆಯ ಸಾಣಿಕಟ್ಟಾದ ಉಪ್ಪು ಎರಡು ಸೇರು ತರಲು ಹೇಳಿದ್ದೇನೆ.