ಕುಕಿ ಕಳಕೊಂಡ ಆ್ಯಪ್ಲೆಟ್ಟು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕಟ್ಟಿಸಿದ್ದು ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷ ಕಳೆದರೂ ಶಾಸನಕ್ಕೆ ಅದು ನೆನಪಿದೆ. ಹಾಸನದ ಸೈಬರ್ ಸೆಂಟರಿನಲ್ಲಿ ಕೂತು ಟೆಂಡರ್ ತುಂಬುತ್ತಿದ್ದ ನಮ್ಮೂರ ಗುತ್ತಿಗೆದಾರರ ಹೆಸರು ಮಾತ್ರ ಸರ್ವರ್‌ಗೆ ಎರಡು ನಿಮಿಷವೂ ನೆನಪಿರುತ್ತಿರಲಿಲ್ಲ.

"ಏನಣ್ಣ, ಈಗ್ತಾನೆ ಒಳಗಿದ್ನಲ್ಲ! ಸಹಿ ಹಾಕು ಅಂತ ಒತ್ತಿದ್ರೆ ಮತ್ತೆ ಪಾಸ್‌ವರ್ಡ್ ಕೇಳ್ತದಲ್ಲ?"

"ಎಕ್ಸ್‌ಪ್ಲೋರರ್‌ನಲ್ಲಿ ನೋಡಿ ಸಾ, ಫೈರ್‌ಫಾಕ್ಸ್‌ನಲ್ಲಿ ಆಗಲ್ಲ."

ಈ ಗೋಳಿನ ಮೂಲ ಕುಕಿ. ಕುಕಿ ಎಂದರೆ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ: ತೋರಿಸಿದರೆ ಸರ್ವರಿಗೆ ಗುರುತು ಸಿಗುತ್ತದೆ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ಇದನ್ನು ಹುಟ್ಟುಹಾಕಿದ್ದೇ ಸರ್ವರಿನ ಮರೆಗುಳಿತನಕ್ಕೆ ಮದ್ದಾಗಿ. ಟೋಕನ್ ಇರುವುದು ಬ್ರೌಸರಿನ ಜೇಬಿನಲ್ಲಿ. ಡಿಜಿಟಲ್ ಸಹಿಯ ಜಾವಾ ಆ್ಯಪ್ಲೆಟ್ ಓಡುತ್ತಿದ್ದುದು ಬೇರೆ ಪ್ಲಗಿನ್ನಿನಲ್ಲಿ. ಅದು ಬ್ರೌಸರನ್ನು ಕೇಳಿ ಟೋಕನ್ ಇಸಕೊಳ್ಳಬೇಕಿತ್ತು. ಒಂದು ಬ್ರೌಸರ್ ಕೊಡುತ್ತಿತ್ತು, ಇನ್ನೊಂದು ಕೊಡುತ್ತಿರಲಿಲ್ಲ. ಕುಕಿಗೆ 'ಎಚ್‌ಟಿಟಿಪಿ-ಓನ್ಲಿ' ಎಂಬ, ಅಂದರೆ ಸ್ಕ್ರಿಪ್ಟಿಗೆ ಕೊಡಬೇಡ ಎಂಬ, ಮುದ್ರೆ ಬಿದ್ದಿದ್ದರಂತೂ ಎಷ್ಟೋ ಸಲ ಕೈಗೇ ಸಿಗುತ್ತಿರಲಿಲ್ಲ. ಬರಿಗೈಲಿ ಬಂದ ಆ್ಯಪ್ಲೆಟ್ಟಿಗೆ ಸರ್ವರ್ ಹೊಸ ಸೆಷನ್ ತೆರೆದು, "ಯಾರಪ್ಪಾ ನೀನು?" ಎನ್ನುತ್ತಿತ್ತು. ಪಾಪ, ಕ್ಯಾಶ್ ಅಳಿಸಿ, ಜಾವಾ ಮತ್ತೆ ಹಾಕಿ, ಕೊನೆಗೆ ಕಂಪ್ಯೂಟರಿಗೆ ಊದುಬತ್ತಿ ಹಚ್ಚಿದರೂ ಉಪಯೋಗವಿರಲಿಲ್ಲ.

ಮದ್ದು ಬೇರೆ ಕಡೆ ಇತ್ತು: ಪುಟ ಬರೆಯುವವರೇ ಟೋಕನ್ನಿನಲ್ಲಿರುವ ಸೆಷನ್ ಸಂಖ್ಯೆಯನ್ನು ಆ್ಯಪ್ಲೆಟ್ಟಿನ ಪ್ಯಾರಾಮೀಟರಾಗಿ ಕೊಟ್ಟು ಕಳಿಸುವುದು. ಬಳಕೆದಾರನಿಗೆ ಅದನ್ನು ಹೇಳುವವರು ಯಾರು?

2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಜಾವಾ ಪ್ಲಗಿನ್ನನ್ನೇ ಹೊರಗೆ ಹಾಕಿದವು. ಈಗ ಎರಡು ಕಡೆಯೂ ಒಂದೇ ನ್ಯಾಯ: ಆ್ಯಪ್ಲೆಟ್ ಓಡುವುದಿಲ್ಲ.