ವಾದ ಮುಗಿಸುವ ವಿಶೇಷಣದೊಡನೆ ಒಂದು ಸಂವಾದ

ಇಂಗ್ಲಿಷಿನ ‘ಕನ್‌ಕ್ಲೂಸಿವ್’ ಎಂಬ ವಿಶೇಷಣವು ಕನ್ನಡದ ಕಾನೂನು ಬರಹದಲ್ಲಿ ‘ನಿರ್ಣಾಯಕ’ ಎಂಬ ವೇಷದಲ್ಲಿ ಓಡಾಡಿಕೊಂಡಿದ್ದು, ಉತ್ತಮ ಪುರುಷದಲ್ಲಿ ಮಾತನಾಡುವುದು ತನ್ನ ಘನತೆಗೆ ತಕ್ಕುದಲ್ಲವೆಂಬ ಷರತ್ತಿನ ಮೇಲೆ ಈ ಸಂದರ್ಶನಕ್ಕೆ ಒಪ್ಪಿತು.

ಪ್ರಶ್ನೆ: ತಮ್ಮ ಅಧಿಕಾರದ ವ್ಯಾಪ್ತಿ ಎಷ್ಟು?

ಉತ್ತರ: 1872ರ ಸಾಕ್ಷ್ಯ ಅಧಿನಿಯಮದ 4ನೇ ಪ್ರಕರಣದಲ್ಲಿ ಮೂರು ಮೆಟ್ಟಿಲುಗಳಿದ್ದವು. ‘ಭಾವಿಸಬಹುದು’ ಎಂದಿದ್ದರೆ ಸಂಗತಿಯೊಂದನ್ನು ನಂಬುವುದೂ ರುಜುವಾತು ಕೇಳುವುದೂ ನ್ಯಾಯಾಲಯದ ಇಚ್ಛೆ. ‘ಭಾವಿಸತಕ್ಕದ್ದು’ ಎಂದಿದ್ದರೆ ಅದು ಸುಳ್ಳೆಂದು ಸಾಬೀತಾಗುವ ತನಕ ನಂಬಲೇಬೇಕು. ಈ ವಿಶೇಷಣವು ಕುಳಿತಿರುವ ಮೂರನೆಯದರಲ್ಲಿ, ಸುಳ್ಳೆಂದು ತೋರಿಸುವ ಸಾಕ್ಷ್ಯಕ್ಕೇ ಅವಕಾಶವಿಲ್ಲ.

ಪ್ರಶ್ನೆ: ಹಾಗಾದರೆ ತಮ್ಮ ಕೆಲಸ ಸತ್ಯವನ್ನು ಕಂಡುಹಿಡಿಯುವುದೆ?

ಉತ್ತರ: ಅದು ಕೆಳದರ್ಜೆಯ ಪದಗಳ ಕೆಲಸ. ಊರ್ಜಿತ ವಿವಾಹವಿರುವಾಗ, ಅಥವಾ ಅದು ಕೊನೆಗೊಂಡು ತಾಯಿ ಮರುಮದುವೆಯಾಗದಿರುವಾಗ 280 ದಿನಗಳೊಳಗೆ ಹುಟ್ಟಿದ ಮಗು ಆ ಗಂಡನ ಔರಸ ಸಂತಾನ, ಎಂದರೆ ಕಾನೂನು ಒಪ್ಪಿದ ಸಂತಾನ, ಎನ್ನಲು ಆ ಜನನವೇ ನಿರ್ಣಾಯಕ ರುಜುವಾತೆಂದು 112ನೇ ಪ್ರಕರಣ ಹೇಳಿತ್ತು. ದಂಪತಿಗೆ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸುವುದೊಂದೇ ವಿನಾಯಿತಿ. ತಿಳಿಯಬೇಕಾದದ್ದು ತಂದೆ ಯಾರೆಂಬುದಲ್ಲ, ಊರವರ ಬಾಯಿಗೆ ಮಗು ಆಹಾರವಾಗಬಾರದೆಂಬುದು.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಬಂದ ಮೇಲೆ?

(ವಿಶೇಷಣವು ನೀರು ಕೇಳಿ ಕುಡಿಯಿತು. ಪ್ರಶ್ನೆಯನ್ನೇ ಸಹಿಸದ ಪದಕ್ಕೆ ಬಾಯಾರಿಕೆಯಾದದ್ದು ಗಮನಾರ್ಹ.)

ಉತ್ತರ: 112ನೇ ಪ್ರಕರಣದ ಬಿಗಿಯಿಂದ ಪಾರಾಗಲು ಆ ಪರೀಕ್ಷೆಯೂ ಸಾಲದೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಪರೀಕ್ಷೆಯ ವರದಿ ಕಡತದಲ್ಲೇ ಇದ್ದ 2014ರ ಮೊಕದ್ದಮೆಯಲ್ಲಿ, ಕಾನೂನಿನ ಭಾವನೆಗಿಂತ ವಿಜ್ಞಾನದ ರುಜುವಾತೇ ಮೇಲೆಂದಿತು. 2025ರಲ್ಲಿ ಮತ್ತೆ ಔರಸತ್ವದ ಭಾವನೆಯನ್ನು ಎತ್ತಿಹಿಡಿಯಿತು. ಹೀಗಾಗಿ ಈ ವಿಶೇಷಣದ ಅಂತಿಮತೆಯು ಸದ್ಯಕ್ಕೆ ಮಧ್ಯಂತರ ಸ್ವರೂಪದ್ದೆಂದು ತಿಳಿಯತಕ್ಕದ್ದು.

ಪ್ರಶ್ನೆ: ಹೊಸ ಕಾನೂನಿನಲ್ಲಿ ತಮ್ಮ ಸ್ಥಾನ?

ಉತ್ತರ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಪ್ರಕರಣಕ್ಕೆ ವರ್ಗಾವಣೆಯಾಗಿದೆ; 280 ದಿನಗಳು ಹಾಗೆಯೇ ಇವೆ.

ಪ್ರಶ್ನೆ: ಕರ್ನಾಟಕದ ಹಳ್ಳಿಗಳಲ್ಲಿ ಪಹಣಿಯನ್ನೇ ಜಮೀನಿನ ಅಂತಿಮ ಪುರಾವೆ ಎನ್ನುತ್ತಾರಲ್ಲ?

ಉತ್ತರ: 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಪ್ರಕರಣದ ಪ್ರಕಾರ ಹಕ್ಕುದಾಖಲೆಯ ನಮೂದು, ವ್ಯತಿರಿಕ್ತ ಸಂಗತಿ ಸಾಬೀತಾಗುವ ತನಕ ಅಥವಾ ಕಾನೂನುಬದ್ಧವಾಗಿ ಹೊಸ ನಮೂದಾಗುವ ತನಕ ಮಾತ್ರ ನಿಜ, ಎಂದರೆ ಎರಡನೆಯ ಮೆಟ್ಟಿಲು. ಪಹಣಿಯಲ್ಲಿ ಮಾಲೀಕರ ಹೆಸರಿನ ಒಂಬತ್ತನೇ ಕಾಲಮ್ಮಿನಲ್ಲಿ ಅಣ್ಣನ ಹೆಸರು ಕೂತಿತೆಂದು ತಮ್ಮನ ಪಾಲು ಅಳಿಯುವುದಿಲ್ಲ. ಆದರೂ ಅಣ್ಣ ಅದನ್ನೇ ಲ್ಯಾಮಿನೇಷನ್ ಮಾಡಿಸಿ ತರುತ್ತಾನೆ, ತಮ್ಮ ದಾವೆ ಹೂಡುತ್ತಾನೆ. ಆ ವ್ಯಾಜ್ಯಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಈ ವಿಶೇಷಣಕ್ಕೆ ಮಾತ್ರ ಇದುವರೆಗೆ ಸಮನ್ಸು ಬಂದಿಲ್ಲ.