ಹೆಚ್ಚುಕಮ್ಮಿ ಒಂದು ಕೋಡುಬಳೆ

ನಮ್ಮ ಮನೆಯಲ್ಲಿ ಈಗ ಮೊಸಳೆ ಸಾಕಿದ್ದೇವೆ. ಯುಕೆಜಿ ಓದುವ ಮೊಮ್ಮಗನ ಗಣಿತದ ವರ್ಕ್‌ಶೀಟಿನಲ್ಲಿ ಅದರ ವಾಸ. ಒಂದು ಕಡೆ ಏಳು ಮಾವಿನಹಣ್ಣು, ಇನ್ನೊಂದು ಕಡೆ ನಾಲ್ಕು. ಜಾಸ್ತಿ ಇರುವ ಕಡೆಗೇ ಮೊಸಳೆ ಬಾಯಿ ತೆರೆಯಬೇಕು ಅಂತ ಟೀಚರ್ ಕಟ್ಟಪ್ಪಣೆ. ಮೊಸಳೆಬಾಯಿಯಂತಿರುವ ಈ '>' ಗುರುತು ಮೊದಲು ಅಚ್ಚಾದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಇಂಗ್ಲೆಂಡಿನ ಗಣಿತಜ್ಞನ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಆತ ತೀರಿಕೊಂಡು ಹತ್ತು ವರ್ಷವಾಗಿತ್ತು. ಪಾಪ, ಅವನು ಎಳೆದದ್ದು ಬರೀ ಎರಡು ಗೆರೆ. ಹಲ್ಲು ಬರೆದವರು ನಮ್ಮ ಕಾಲದ ಟೀಚರುಗಳು.

ನಮ್ಮವನು ಬಾಯನ್ನು ನಾಲ್ಕರ ಕಡೆಗೆ ತಿರುಗಿಸಿದ್ದ. "ಯಾಕಪ್ಪಾ, ಏಳು ಜಾಸ್ತಿ ಅಲ್ವಾ?" ಅಂದೆ. "ಮೊಸಳೆಗೆ ಊಟ ಆಗಿದೆ ತಾತ, ನಾಲ್ಕು ಸಾಕು" ಅಂದ. ಅದಕ್ಕೆ ಕೆಂಪು ಗೀಟು ಬಿದ್ದಿತ್ತು. ನನಗೇನೋ ಮೊಸಳೆಯ ಮೇಲೆ ಗೌರವ ಹುಟ್ಟಿತು. ಹೊಟ್ಟೆ ತುಂಬಿದ ಮೇಲೆ ಸಾಕು ಅನ್ನುವ ಪ್ರಾಣಿಯನ್ನು ನಮ್ಮೂರು ಹುಣಸಮಾರನಹಳ್ಳಿಯ ಸುತ್ತಮುತ್ತ ಸೈಟು ಕೊಳ್ಳಲು ಬರುವವರಲ್ಲಿ ನಾನಂತೂ ಕಂಡಿಲ್ಲ.

ಮಗುವಿಗೆ ಹೆಚ್ಚು ಯಾವುದು, ಕಮ್ಮಿ ಯಾವುದು ಅಂತ ಕಲಿಸಲು ಹೊರಟಿದ್ದೇವೆ. ಸರಿ, ನಮ್ಮ ಮಾತನ್ನೇ ಕೇಳಿ. ಎಂಟು ಗಂಟೆ ಹತ್ತಿರವಾದರೆ "ಹೆಚ್ಚುಕಮ್ಮಿ ಎಂಟು" ಅನ್ನುತ್ತೇವೆ. ಮಗು ಗೋಡೆ ಹತ್ತಿದರೆ "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂತ ಕೂಗುತ್ತೇವೆ. ಅಂದಾಜಿಗೂ ಅನಾಹುತಕ್ಕೂ ಅದೇ ಶಬ್ದ. ಅವರಜ್ಜಿ "ಒಂಚೂರು ಅನ್ನ ಹಾಕ್ತೀನಿ" ಅಂದರೆ ತಟ್ಟೆಯ ಮೇಲೆ ನಂದಿಬೆಟ್ಟ ಏಳುತ್ತದೆ. ಇನ್ನು "ಹತ್ರ" ಅನ್ನುವುದರ ಕಥೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದದ್ದೇ ಶುರುವಾದದ್ದು, ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಿನ ಸೈಟುಗಳೆಲ್ಲ ರಾತ್ರೋರಾತ್ರಿ ಅದಕ್ಕೆ "ಹತ್ರ" ಬಂದುಬಿಟ್ಟವು. ಬ್ರೋಕರನ "ಹತ್ತೇ ನಿಮಿಷ ಸಾರ್" ಎಷ್ಟು ನಿಮಿಷ ಅಂತ ಯಾವ ಯುಕೆಜಿಯಲ್ಲೂ ಕಲಿಸುವುದಿಲ್ಲ.

ಮಕ್ಕಳದು ಬೇರೆ ಅಳತೆ. ಯಲಹಂಕ ವಾಯುನೆಲೆಯ ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋದರೆ, ಪ್ರಯಾಣಿಕರ ದೊಡ್ಡ ವಿಮಾನಕ್ಕಿಂತ ಅದೇ ದೊಡ್ಡದು ಅಂತ ನಮ್ಮವನ ವಾದ. ಸದ್ದು ಜಾಸ್ತಿ ತಾನೇ? ಟಿವಿಯಲ್ಲಿ ಚರ್ಚೆ ನೋಡುವ ನಾವೂ ಅದೇ ಲೆಕ್ಕದಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸುತ್ತೇವಲ್ಲ.

ಈ ಅಳತೆಯ ಹುಚ್ಚನ್ನು ಕೂತು ಗಮನಿಸಿದವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980). ಅಗಲದ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ ಲೋಟಕ್ಕೆ ಸುರಿದರೆ, ಐದು ವರ್ಷದ ಮಗು "ಈಗ ಜಾಸ್ತಿ ಆಯ್ತು" ಅನ್ನುತ್ತದೆ. ಏಳರ ಆಸುಪಾಸಿಗೆ ಬಂದಾಗ "ಅದೇ ನೀರಲ್ವಾ?" ಅಂತ ನಮ್ಮನ್ನೇ ನೋಡಿ ನಗುತ್ತದೆ. ಇದಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ತಲೆಗೆ 150 ಮಿಲಿ. ಒಬ್ಬನದು ಉದ್ದ ಲೋಟ, ಪಕ್ಕದವಳದು ಅಗಲ ಬಟ್ಟಲು ಆಗಿದ್ದರೆ ಸಾಕು, ಪಿಯಾಜೆಯ ಪ್ರಯೋಗ ಜಗಲಿಯ ಮೇಲೆ ಜಗಳದ ಸಮೇತ ನಡೆದುಹೋಗುತ್ತದೆ.

ನಾನೂ ಬಿಡಲಿಲ್ಲ. ಊರಿನ ಹೆಸರಲ್ಲೇ ಹುಣಸೆ ಇದೆ, ಬೀಜ ಮಾತ್ರ ಅಡುಗೆಮನೆಯ ಡಬ್ಬಿಯಿಂದ ಬರಬೇಕು. ಆರಾರು ಬೀಜದ ಎರಡು ಸಾಲು ಇಟ್ಟೆ. "ಎರಡೂ ಒಂದೇ" ಅಂದ. ಒಂದು ಸಾಲನ್ನು ಎಳೆದು ಉದ್ದ ಮಾಡಿ, "ಈಗ?" ಅಂದೆ. "ಇದು ಜಾಸ್ತಿ!" ನಾನು ಗೆದ್ದವನ ಹಾಗೆ ನಮ್ಮಾಕೆಯ ಮುಖ ನೋಡಿದೆ. ಅವಳು ಹುಳಿಗೆ ಬೇಳೆ ತೊಳೆಯುತ್ತಾ, "ಒಂದ್ಸಲ ಸರಿಯಾಗಿ ಹೇಳಿದ ಮೇಲೂ ದೊಡ್ಡವರು ಇನ್ನೊಂದ್ಸಲ ಕೇಳಿದ್ರೆ, ಮಗು ತಾನು ಹೇಳಿದ್ದು ತಪ್ಪೇನೋ ಅಂದ್ಕೊಳ್ಳತ್ತೆ ಕಣ್ರೀ" ಅಂದಳು.

ಇದನ್ನು ಅವಳಿಗೆ ಯಾರು ಹೇಳಿದರೋ! 1970ರ ದಶಕದಲ್ಲಿ ಎಡಿನ್‌ಬರೊದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇಂಥದೇ ಅನುಮಾನದಿಂದ ಪಿಯಾಜೆಯ ಪರೀಕ್ಷೆಯನ್ನು ತಿರುಗಿಸಿ ನೋಡಿದ್ದರು. ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆಗೆ ಒಪ್ಪಿಸಿದರು. ಆಗ ಎಷ್ಟೋ ಹೆಚ್ಚು ಮಕ್ಕಳು "ಎರಡೂ ಅಷ್ಟೇ" ಅಂತ ಸರಿಯಾಗಿ ಹೇಳಿದವು. ತಾತನನ್ನು ನಂಬಿ ಕೆಡುವುದಕ್ಕಿಂತ ಕರಡಿಯೇ ವಾಸಿ.

ನಮ್ಮಾಕೆ ಕೈ ಒರೆಸಿಕೊಂಡು ಬಂದು ಕೂತಳು. ಎಣಿಸು ಅನ್ನಲಿಲ್ಲ. "ಈ ಬೀಜಕ್ಕೆ ಆ ಬೀಜ ಜೊತೆ, ಒಂದೊಂದೇ ಜೋಡಿ ಹಾಕು ಮರಿ. ಯಾವ ಕಡೆ ಒಂಟಿ ಉಳೀತದೋ ಆ ಕಡೆ ಜಾಸ್ತಿ." ಅವನು ಜೋಡಿ ಹಾಕಿದ. ಯಾವುದೂ ಒಂಟಿ ಉಳಿಯಲಿಲ್ಲ. ಎಣಿಕೆ ಬಾರದ ಮಗುವಿಗೂ ಹೆಚ್ಚು ಯಾವುದೆಂದು ತಿಳಿಯುವುದು ಹೀಗೆ. ಅಂಕಿ, ಮೊಸಳೆ ಎಲ್ಲ ಆಮೇಲಿನ ಮಾತು. ಅಳಗುಳಿ ಮಣೆಯ ಗುಳಿಗೊಂದರಂತೆ ಬೀಜ ಬಿಟ್ಟುಕೊಂಡು ಬೆಳೆದ ಬೆರಳುಗಳಿಗೆ ವರ್ಕ್‌ಶೀಟ್ ಬೇಕಾಗಿರಲಿಲ್ಲ ಬಿಡಿ.

ಈಗ ತಪ್ಪೊಪ್ಪಿಗೆ. ಪಿಯಾಜೆಯನ್ನು ಓದಿದ ಮೇಲೆ ನಾನೊಂದು ಉಳಿತಾಯ ಯೋಜನೆ ಹಾಕಿಕೊಂಡಿದ್ದೆ. ಮೊಮ್ಮಗ "ಇನ್ನೊಂದು ಕೋಡುಬಳೆ" ಅಂದಾಗೆಲ್ಲ ಅವನ ಕೈಯಲ್ಲಿದ್ದದ್ದನ್ನೇ ಮುರಿದು, "ತಗೋ, ಎರಡಾಯ್ತು" ಅನ್ನುತ್ತಿದ್ದೆ. ಅವನಿಗೂ ಖುಷಿ, ಡಬ್ಬಿಯೂ ಭದ್ರ. ಮೋಸ ಅನ್ನಬೇಡಿ. ಹತ್ತು ರೂಪಾಯಿ ಪೊಟ್ಟಣಕ್ಕೆ ಗಾಳಿ ತುಂಬಿ, ಒಳಗೆ ಗ್ರಾಂ ಇಳಿಸಿ, ಅರವತ್ತು ದಾಟಿದ ನನ್ನ ಮೇಲೂ ಅಂಗಡಿಯಲ್ಲಿ ಅದೇ ಪ್ರಯೋಗ ನಡೆಯುತ್ತಿದೆ, ನಾನಿನ್ನೂ ಪಾಸಾಗಿಲ್ಲ.

ಮೊನ್ನೆ ಎಂದಿನಂತೆ ಮುರಿದು ಕೊಟ್ಟೆ. ಅವನು ಎರಡು ತುಂಡನ್ನೂ ತಟ್ಟೆಯಲ್ಲಿಟ್ಟು, ತುದಿಗೆ ತುದಿ ತಾಗಿಸಿ, ಮತ್ತೆ ಬಳೆ ಮಾಡಿ ನೋಡಿದ. ಆಮೇಲೆ ನನ್ನ ತಟ್ಟೆಯಲ್ಲಿದ್ದ ಎರಡು ಕೋಡುಬಳೆಗಳನ್ನು ಎಳೆದುಕೊಂಡು ಜೋಡಿ ಹಾಕಿದ.

"ತಾತ, ನಿಂದು ಒಂದು ಒಂಟಿ ಉಳೀತು."

ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಕೋಡುಬಳೆ ಕರಿಯುತ್ತಾರೆ.